ಮಲಗಿದರೂ ದುಡ್ಡು, ಮುಳುಗಿದರೂ ವಿಳಾಸ

ಆ ರೀಲ್ ನೀವೂ ನೋಡಿರುತ್ತೀರಿ. ಯಾರದೋ ಕಾರಿನ ಬಾನೆಟ್ಟಿಗೆ ಒರಗಿ, ಕತ್ತಲಲ್ಲೂ ಕರಿ ಕನ್ನಡಕ ಹಾಕಿಕೊಂಡ ಹುಡುಗ ಹೇಳುತ್ತಾನಲ್ಲ, "ಒಂದ ಡೈರೆಕ್ಟರಿ ವೆಬ್‌ಸೈಟ್ ಮಾಡ್ರಿ, ಮಲ್ಕೊಳ್ರಿ, ಮುಂಜಾನೆ ಎದ್ದು ಅಕೌಂಟ್ ನೋಡ್ರಿ" ಅಂತ. ಡೈರೆಕ್ಟರಿ ಎಂದರೆ ಅಂಗಡಿಗಳ ಹೆಸರು, ಫೋನು, ವಿಳಾಸ ಜೋಡಿಸಿಟ್ಟ ಪಟ್ಟಿ, ದುಡ್ಡು ಬರುವುದು ಅದರ ಪಕ್ಕದ ಜಾಹೀರಾತಿನಿಂದ. ಅವನು ಹೇಳಿದ ಮೂರು ಕೆಲಸಗಳಲ್ಲಿ ಮಲಗುವ ಭಾಗವನ್ನು ಬಾಗಲಕೋಟೆಯ ನಮ್ಮ ನವನಗರದ ಹುಡುಗರು ಡಿಗ್ರಿ ಮುಗಿದಾಗಿನಿಂದಲೂ ನಿಷ್ಠೆಯಿಂದ ಮಾಡುತ್ತ ಬಂದಿದ್ದಾರೆ. ಉಳಿದೆರಡನ್ನು ಈಗ ಕಲಿಯುತ್ತಿದ್ದಾರೆ.

ನಮ್ಮ ಸೆಕ್ಟರಿನಲ್ಲೇ ಒಬ್ಬನಿದ್ದಾನೆ. ಹೆಸರು ಬೇಡ, ಅವರಪ್ಪ ನನಗೆ ಬೇಕಾದವರು. ಬಿ.ಇ. ಮುಗಿಸಿದ. 2024ರ ಆಗಸ್ಟಿನಲ್ಲಿ ಕೆಎಎಸ್ ಪೂರ್ವಭಾವಿ ಬರೆದ. ಪ್ರಶ್ನೆಪತ್ರಿಕೆಯ ಕನ್ನಡ ಯಾರಿಗೂ ತಿಳಿಯಲಿಲ್ಲ ಎಂದು ಡಿಸೆಂಬರಿನಲ್ಲಿ ಮರುಪರೀಕ್ಷೆ ಇಟ್ಟರಲ್ಲ, ಅದನ್ನೂ ಬರೆದ. ಅದರ ಕನ್ನಡವೂ ತಿಳಿಯಲಿಲ್ಲ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡವನು ಹೊರಬಂದದ್ದು 'ಫೌಂಡರ್' ಆಗಿಯೇ.

"ಕಾಕಾ, ಸಣ್ಣ ವಿಷಯ ಹಿಡೀಬೇಕ್ರಿ. ಅದಕ್ಕ ನಿಶ್ ಅಂತಾರ. ಎಲ್ಲಾರಿಗೂ ಎಲ್ಲಾ ಕೊಡ್ತೀನಿ ಅಂದ್ರ ಯಾರೂ ಬರಂಗಿಲ್ಲ."

ಮೊದಲು ಅಮೀನಗಡದ ಕರದಂಟು ಅಂಗಡಿಗಳನ್ನು ಹಿಡಿದ. ಪ್ರತಿ ಅಂಗಡಿಯೂ 'ಇದೇ ಅಸಲಿ' ಎನ್ನುವುದರಿಂದ ಮೊದಲ ನಂಬರ್ ಯಾರಿಗೆ ಕೊಟ್ಟರೂ ಜಗಳ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಗಳನ್ನೂ ಮುಟ್ಟಿ ಬಿಟ್ಟ. ಕೊನೆಗೆ ಹಿಡಿದದ್ದು ಹಿಟ್ಟಿನ ಗಿರಣಿ. ಜೋಳದ ರೊಟ್ಟಿಯ ಸೀಮೆಯಲ್ಲಿ ಗಿರಣಿಯಿಲ್ಲದ ಓಣಿಯಿಲ್ಲ, ಗಿರಣಿಗಳಿಗೊಂದು ವೆಬ್‌ಸೈಟೂ ಇಲ್ಲ. ಇಲ್ಲ ಏಕೆ ಎಂದರೆ, ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರೂ ಯಾವತ್ತೂ ಫೋನಿನಲ್ಲಿ ಹುಡುಕಿಲ್ಲ. ಅದನ್ನು ನಾನು ಹೇಳಿದೆ. "ಕಾಂಪಿಟಿಷನ್ ಇಲ್ಲ ಅಂದಂಗಾತು" ಅಂದ.

ಸೈಟು ಎರಡು ದಿನದಲ್ಲಿ ಎದ್ದು ನಿಂತಿತು. ಗೂಗಲ್ ಮ್ಯಾಪ್ಸ್‌ನಿಂದ ಹೆಸರು, ಫೋನು, ವಿಳಾಸ, ಸ್ಟಾರು ಎಲ್ಲವನ್ನೂ ಗೋರಿಕೊಂಡು ಬರುವ ಸಾಫ್ಟ್‌ವೇರ್ ಸಿಗುತ್ತದೆ. ಹಾಗೆ ಗೋರಬಾರದು ಎಂದು ಗೂಗಲ್‌ನ ನಿಯಮದಲ್ಲಿದೆ, ಆದರೆ ನಿಯಮ ಓದುವುದು ಮಲಗಿ ಗಳಿಸುವವರ ಕೆಲಸವಲ್ಲ. ಗೋರಿದ್ದು ಎಕ್ಸೆಲ್ ಹಾಳೆಯಾಗಿ ಬರುತ್ತದೆ, ಹಾಳೆಯನ್ನು ವೆಬ್‌ಸೈಟ್ ಕಟ್ಟಿಕೊಡುವ ವರ್ಡ್‌ಪ್ರೆಸ್‌ಗೆ ಸುರಿದರೆ ಸಾವಿರ ಪುಟ. ಪ್ರತಿ ಪುಟಕ್ಕೂ ವರ್ಣನೆ ಬರೆದುಕೊಡಲು ಚಾಟ್‌ಜಿಪಿಟಿ ಇದ್ದೇ ಇದೆ.

ನಮ್ಮ ಮನೆ ಹಿಂದಿನ ಗಿರಣಿಯ ಬಗ್ಗೆ ಅದು ಬರೆದದ್ದು ಹೀಗಿದೆ: "ನಗರದ ಹೃದಯಭಾಗದಲ್ಲಿರುವ ಈ ಹಿಟ್ಟಿನ ಗಿರಣಿಯು ಮನಮೋಹಕ ವಾತಾವರಣ ಹಾಗೂ ಸ್ನೇಹಪರ ಸಿಬ್ಬಂದಿಗೆ ಹೆಸರುವಾಸಿಯಾಗಿದೆ. ಕುಟುಂಬ ಸಮೇತ ಸಂಜೆ ಕಳೆಯಲು ಸೂಕ್ತ ತಾಣ." ಸ್ನೇಹಪರ ಸಿಬ್ಬಂದಿ ಎಂದರೆ ಒಬ್ಬನೇ. ಕಣ್ಣಿನ ರೆಪ್ಪೆಯ ತನಕ ಬೆಳ್ಳಗಾಗಿ, ಬೆಲ್ಟಿನ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡು, "ಡಬ್ಬಿ ಪಾಳೇಕ ಇಡs" ಎಂದು ಒದರುವವನು. ಸಂಜೆ ಕಳೆಯುವುದು ಮಾತ್ರ ಖರೇ. ಕರೆಂಟ್ ಹೋದರೆ ಅರ್ಧ ಬೀಸಿದ ಜೋಳ ಬಿಟ್ಟು ಬರಲಾಗದೆ ಇಡೀ ಕುಟುಂಬ ಅಲ್ಲೇ ಕಳೆಯುತ್ತದೆ. ಗಿರಣಿಗಳ ಜೊತೆ ಅದು ಹೇಗೋ ಒಂದು ಸ್ಮಶಾನವೂ ಗೋರಿಕೊಂಡು ಬಂದಿತ್ತು. ಅದಕ್ಕೆ 4.6 ಸ್ಟಾರು, ಕೆಳಗೆ "ಮತ್ತೆ ಮತ್ತೆ ಭೇಟಿ ನೀಡಬೇಕೆನಿಸುವ ಸ್ಥಳ."

ಊರಿನ ಲೆಕ್ಕವೂ ಚೆನ್ನಾಗಿದೆ. 2014ರ ನವೆಂಬರ್ 1ರಿಂದ ಸರ್ಕಾರ ಹೆಸರು ಬದಲಿಸಿತಲ್ಲ, ಅದನ್ನು ಸೈಟು ಅರ್ಧ ಒಪ್ಪಿಕೊಂಡಿದೆ. ಅದರಲ್ಲಿ ಬೆಳಗಾಂ ಒಂದು ಊರು, ಬೆಳಗಾವಿ ಇನ್ನೊಂದು. ಬೆಳಗಾಂನಲ್ಲಿ ಮೊದಲ ಸ್ಥಾನದ ಗಿರಣಿ ಬೆಳಗಾವಿಯಲ್ಲಿ ಏಳನೆಯದು. ವಿಜಯಪುರದವರಿಗೆ ಹತ್ತಿರದ ಗಿರಣಿ ಎಂದು ತೋರಿಸಿದ್ದು ಛತ್ತೀಸ್‌ಗಡದ ಬಿಜಾಪುರದಲ್ಲಿದೆ. ಜೋಳದ ಚೀಲ ಹೊತ್ತು ಹೋಗಿ ಬರುವಷ್ಟರಲ್ಲಿ ಮುಂದಿನ ಹಿಂಗಾರಿ ರಾಶಿ ಆಗಿರುತ್ತದೆ.

ಇನ್ನು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಬಂದು ಅರ್ಧ ಊರು ಎದ್ದು ನವನಗರಕ್ಕೆ ಬಂದ ಕತೆ ನಿಮಗೆ ಹೊಸದಲ್ಲ. ಸೈಟಿಗೆ ಹೊಸದು. ಒಂದು ಗಿರಣಿಯ ಗುರುತು ನಕ್ಷೆಯಲ್ಲಿ ನೀಲಿ ನೀರಿನ ನಟ್ಟನಡುವೆ ಇದೆ, ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ 'ಈಗ ತೆರೆದಿದೆ' ಎಂದಿದೆ. ಜಲಾಶಯದಲ್ಲಿ ನೀರು ನಿಲ್ಲಿಸುವ ಗರಿಷ್ಠ ಮಟ್ಟ ಈಗ 519.60 ಮೀಟರ್. 524.256ಕ್ಕೆ ಏರಿಸಿಕೊಳ್ಳಿ ಎಂದು ಕೃಷ್ಣಾ ನದಿ ನೀರಿನ ನ್ಯಾಯಮಂಡಳಿ 2010ರಲ್ಲೇ ಹೇಳಿತು, ಗೆಜೆಟ್ಟಿನ ದಾರಿ ಕಾಯುತ್ತ ಕೂತಿದ್ದೇವೆ. ಏರಿದ ದಿನ ಇನ್ನಷ್ಟು ಗಿರಣಿಗಳು ನೀರಿನೊಳಗೆ ತೆರೆದಿರುತ್ತವೆ. ಸಂತ್ರಸ್ತರ ಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ ಊರಿದು. ಪಟ್ಟಿ ಎಂದರೆ ಏನು ಎಂದು ನಮಗೆ ಯಾರೂ ಕಲಿಸಬೇಕಿಲ್ಲ.

ಪಟ್ಟಿಯ ವಿಷಯಕ್ಕೆ ಬಂದರೆ ನನಗೆ ಹೆಳವರು ನೆನಪಾಗುತ್ತಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಸುಗ್ಗಿ ಮುಗಿದ ಮೇಲೆ ಓಣಿಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ನಿಮ್ಮ ಮುತ್ತಜ್ಜನ ಅಪ್ಪನಿಂದ ಶುರು ಮಾಡಿದರೆ ಯಾರು ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟರು, ಎಲ್ಲ ಹೇಳುತ್ತಿದ್ದರು. ನಮ್ಮ ಅಜ್ಜ ಮರೆಮಾಚಿದ್ದ ಒಂದು ಸೋದರಿಕೆಯೂ ಹೀಗೇ ಹೊರಬಂತು, ಅದರ ಕತೆ ಇಲ್ಲಿ ಬೇಡ. ಹೇಳಿ ಮುಗಿದ ಮೇಲೆ ಅವರು ಕೇಳುತ್ತಿದ್ದರು: ಹ್ವಾದ ವರ್ಷದಿಂದ ಈಚೆ ಯಾರು ಹುಟ್ಟ್ಯಾರ, ಯಾರು ತೀರ್‍ಯಾರ? ಅದನ್ನು ಕೇಳಿ, ಮನೆಯವರ ಎದುರಲ್ಲೇ ಹೊತ್ತಿಗೆಯಲ್ಲಿ ಬರೆದುಕೊಂಡು, ಆಮೇಲೆ ಜೋಳಕ್ಕೆ ಕೈ ಚಾಚುತ್ತಿದ್ದರು. ತಾಮ್ರಪಟ, ತಾಳೆಗರಿಯ ಕಾಲದಿಂದ ನಡೆದ ಕಸುಬು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂದು ಹಂಚಿಕೆ. ಬೇರೆಯವರ ಹೊತ್ತಿಗೆ ಕದ್ದು ತಂದು ಓದಿದರೆ ನಡೆಯುತ್ತಿರಲಿಲ್ಲ, ಏಕೆಂದರೆ ಮೂರನೆಯ ಹೆಸರಿಗೇ ನಮ್ಮಜ್ಜಿ ಒಳಗಿನಿಂದ "ತಪ್ಪು" ಅನ್ನುತ್ತಿದ್ದಳು. ಸಣ್ಣ ವಿಷಯ ಹಿಡಿಯಬೇಕು ಎನ್ನುವ ಹುಡುಗನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಹೌದ್ರಿ ಕಾಕಾ, ಆದ್ರ ಎತ್ತಿನ ಖರ್ಚ ಭಾಳ ಆಕ್ಕೈತಿ" ಎಂದ.

ಎತ್ತಿನ ಖರ್ಚೇ ಮುಖ್ಯ ಅಲ್ಲವೇನಪ್ಪಾ. ಹೋಗಿ ನೋಡುವುದಕ್ಕೆ ತಾನೇ ಕಾಳು ಕೊಡುತ್ತಿದ್ದದ್ದು.

ಅಂದಹಾಗೆ ಜಗತ್ತಿನ ದೊಡ್ಡವರೂ ಈ ವ್ಯಾಪಾರ ಮಾಡಿ ಮುಗಿಸಿದ್ದಾರೆ. ಯಾಹೂ ಶುರುವಾದದ್ದೇ 1994ರಲ್ಲಿ, ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳ ಡೈರೆಕ್ಟರಿಯಾಗಿ. 2014ರ ಕೊನೆಯಲ್ಲಿ ಅದಕ್ಕೆ ಬೀಗ ಹಾಕಿದರು. ಸ್ವಯಂಸೇವಕರು ಕೂತು ಒಂದೊಂದೇ ತಾಣ ನೋಡಿ ಸೇರಿಸುತ್ತಿದ್ದ ಡಿಮೋಜ್ 2017ರಲ್ಲಿ ಮುಚ್ಚಿತು. ಅಮೆರಿಕ ಮುಚ್ಚಿದ ಅಂಗಡಿಯನ್ನು ನವನಗರ ತೆರೆದಿದೆ. ಹೆಮ್ಮೆ ಪಡೋಣ.

ದುಡ್ಡಿನ ಮಾತಾಡಬೇಕಲ್ಲ. ನಮ್ಮ ಸೈಟಿನಲ್ಲಿ ಜಾಹೀರಾತು ಹಾಕಿ, ಬಂದದ್ದರಲ್ಲಿ ಪಾಲು ಕೊಡುವುದು ಗೂಗಲ್ ಆಡ್‌ಸೆನ್ಸ್. 100 ಡಾಲರ್ ಆಗುವ ತನಕ ಒಂದು ಪೈಸೆ ಕೈಗೆ ಬರುವುದಿಲ್ಲ. 10 ಡಾಲರ್ ಮುಟ್ಟಿದಾಗ ನಿಮ್ಮ ವಿಳಾಸ ಖರೇ ಇದೆಯೋ ಎಂದು ನೋಡಲು ಗೂಗಲ್ ಒಂದು ಪಿನ್ ನಂಬರನ್ನು ಕಾಗದದಲ್ಲಿ, ಸಾದಾ ಟಪಾಲಿನಲ್ಲಿ ಕಳಿಸುತ್ತದೆ. ಹುಡುಗ 10 ಡಾಲರ್ ಹೇಗೋ ಮುಟ್ಟಿದ. ಕಾಗದ ಬರಲಿಲ್ಲ. ಸೆಕ್ಟರ್ ನಂಬರ್ ಇತ್ತು, ಪ್ಲಾಟ್ ನಂಬರ್ ಹಳೆಯದಿತ್ತು. ಸಾವಿರ ವಿಳಾಸಗಳ ಒಡೆಯನ ಮನೆ ಪೋಸ್ಟ್‌ಮನ್‌ಗೆ ಸಿಗಲಿಲ್ಲ. ಎರಡನೆಯ ಸಲ ಬಂತೆನ್ನಿ. ಅಷ್ಟರಲ್ಲಿ ಅವನ ಅತ್ತೆ ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ "ಎಲ್ಲಾರೂ ದಿನಾ ಒಂದೊಂದ ಆಡ್ ಒತ್ತರಿ, ಮನ್ಯಾಗಿನ ಹುಡುಗ ಉದ್ಧಾರ ಆಗ್ಲಿ" ಎಂಬ ಸಂದೇಶ ಹೋಗಿತ್ತು. ಬೀಳಗಿಯಿಂದ ಬದಾಮಿಯ ತನಕ ಬಳಗವೆಲ್ಲ ಭಕ್ತಿಯಿಂದ ಒತ್ತಿತು. ಹೇಳಿಸಿ ಒತ್ತಿಸಿದ ಕ್ಲಿಕ್ಕಿಗೆ ಗೂಗಲ್ ದುಡ್ಡು ಕೊಡುವುದಿಲ್ಲ, ಅಕೌಂಟ್ ಮುಚ್ಚುತ್ತದೆ. ಮುಚ್ಚಿತು.

ಆಗ ಶುರುವಾದದ್ದು 'ಕ್ಲೇಮ್ ಯುವರ್ ಬಿಸಿನೆಸ್'. ಕೇಳದೆ ಪಟ್ಟಿಗೆ ಹಾಕಿದ ಅಂಗಡಿಯವರಿಗೇ ಫೋನ್ ಹಚ್ಚಿ, ನಿಮ್ಮ ಹೆಸರು ನಮ್ಮಲ್ಲಿದೆ, ವೆರಿಫೈ ಆಗಿಲ್ಲ, ವರ್ಷಕ್ಕೆ 999 ಕೊಟ್ಟರೆ ಹಸಿರು ಗುರುತು ಬರುತ್ತದೆ ಅನ್ನುವುದು. ರೊಟ್ಟಿ ಖಾನಾವಳಿಯ ಅಕ್ಕಾರಿಗೂ ಹಚ್ಚಿದ್ದ. ಅವರು ಒಲೆ ಮುಂದಿದ್ದರು. "ಯಪ್ಪಾ, ನನ್ನ ಅಂಗಡಿ ನಂದs ಐತೋ. ನಿನ್ನ ಕಡೆ ಎದಕ್ಕ ಬಿಡಿಸ್ಕೊಳ್ಲಿ?" ಅಂದರಂತೆ. ಆ ಪ್ರಶ್ನೆಗೆ ಉತ್ತರ ರೀಲಿನವನಿಂದ ಹುಡುಗ ಕೊಂಡ ಕೋರ್ಸಿನಲ್ಲಿರಲಿಲ್ಲ.

2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಬಂದಿದೆಯಲ್ಲ ಎನ್ನಬಹುದು. ಬಂದಿದೆ. ಆದರೆ ನೀವೇ ಬಹಿರಂಗ ಮಾಡಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅಕ್ಕಾರು ಊಟದ ಆರ್ಡರ್ ಬರಲಿ ಎಂದು ತಗಡಿನ ಮೇಲೆ ಬಣ್ಣದಲ್ಲಿ ನಂಬರ್ ಬರೆಸಿದ್ದಾರೆ. ಅಲ್ಲಿಗೆ ಮುಗಿಯಿತು.

ಇಲ್ಲಿಯತನಕ ನಕ್ಕಿದ್ದೇನೆ. ಇದೇ ಜಾತಿಯ ಇನ್ನೊಂದು ಸೈಟು, ನಮ್ಮ ಹುಡುಗನದಲ್ಲ, ಎಲ್ಲಿಯದೋ, ರಕ್ತದಾನಿಗಳ ಪಟ್ಟಿ ಇಟ್ಟುಕೊಂಡಿದೆ. ನಮ್ಮ ಪೈಕಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯಾದ ರಾತ್ರಿ ರಕ್ತ ಬೇಕಾಯಿತು. ಗಾಬರಿಯಲ್ಲಿ ಹುಡುಕಿದಾಗ ಮೊದಲು ಬಂದದ್ದು ಅದೇ, '24 ತಾಸು ಲಭ್ಯ' ಎಂದು. ಒಂದು ನಂಬರ್ ಹೂವಿನ ಅಂಗಡಿಯದು. ಒಂದು ಚಾಲ್ತಿಯಲ್ಲಿಲ್ಲ. ಇನ್ನೊಂದನ್ನು ಎತ್ತಿದ ಹುಡುಗಿ, ಅಪ್ಪ ತೀರಿಕೊಂಡು ವರ್ಷವಾಯಿತು, ದಯವಿಟ್ಟು ಈ ನಂಬರ್ ತೆಗೆಸಿರಿ, ರಾತ್ರಿ ಹೀಗೇ ಬರುತ್ತವೆ ಎಂದು ಅತ್ತಳು. ಕೊನೆಗೆ ಆಸ್ಪತ್ರೆಯ ಆಯಾನ ಮಗ ಬಂದು ಕೊಟ್ಟ, ತಾಯಿ ಮಗು ಉಳಿದರು. ಯಾವ ರಕ್ತನಿಧಿಯಲ್ಲಿ ಎಷ್ಟು ಬಾಟಲಿ ಇದೆ ಎಂದು ತೋರಿಸುವ ಸರ್ಕಾರದ ಇ-ರಕ್ತಕೋಶ 2016ರಿಂದ ಇದೆ. ಅದು ನಾಲ್ಕು ಜಾಹೀರಾತು, ಐದು ಡೈರೆಕ್ಟರಿಗಳ ಕೆಳಗಿತ್ತು. ಗಿರಣಿಗೆ ಸ್ನೇಹಪರ ಸಿಬ್ಬಂದಿ ಎಂದು ಬರೆಯಿರಿ, ನಮಗೇನೂ ಹೋಗುವುದಿಲ್ಲ. ರಕ್ತ, ಅಂಬುಲೆನ್ಸ್, ವಿಷ ಕುಡಿದವರಿಗೆ ಆಸ್ಪತ್ರೆ, ಇವುಗಳ ಪಟ್ಟಿಯನ್ನು ಕದ್ದು ಅಂಟಿಸಿ, ಒಂದಕ್ಕೂ ಫೋನ್ ಹಚ್ಚಿ ನೋಡದೆ, ಪಕ್ಕದಲ್ಲಿ ಲೋನ್ ಆ್ಯಪ್‌ನ ಜಾಹೀರಾತು ಹಾಕಿ ಮಲಗುವವನಿಗೆ ನಿದ್ದೆ ಹೇಗೆ ಬರುತ್ತದೆ? ನನಗೆ ಸಾಕಾಗಿದೆ.

2024ರ ಮಾರ್ಚಿನಲ್ಲಿ ಗೂಗಲ್ ಇಂಥ ರಾಶಿ ರಾಶಿ ಪುಟಗಳನ್ನು ಕಸವೆಂದು ಬಗೆಯುವುದಾಗಿ ಹೇಳಿತು. ನಮ್ಮ ಹುಡುಗ ಸೈಟು ಮಾಡಿದ್ದು ಅದಾದ ಮೇಲೆ. ರೀಲಿನವನು ಅದನ್ನು ಹೇಳಿರಲಿಲ್ಲ, ಹೇಳಿದ್ದರೆ ಕೋರ್ಸ್ ಯಾರು ಕೊಳ್ಳುತ್ತಿದ್ದರು.

ಈಗ ಹುಡುಗ ಸೈಟನ್ನು ಮರೆತಿದ್ದಾನೆ, ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಸೈಟು ಇವನನ್ನು ಮರೆತಿಲ್ಲ. ಗಿರಣಿ ಸಾಲದೆ ನಡುವೆ ಟೇಲರ್, ಜೆಸಿಬಿ, ಬೋರ್‌ವೆಲ್ ಎಲ್ಲ ಸುರಿದಿದ್ದನಲ್ಲ, ಆಗ ಎಕ್ಸೆಲ್ಲಿನಲ್ಲಿ ಒಂದು ಸಾಲು ಸರಿದು, ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್‌ನ ನಂಬರ್ ಒಬ್ಬ ಜೆಸಿಬಿ ಮಾಲೀಕನ ಹೆಸರಿನ ಮುಂದೆ ಕೂತಿದೆ. ಈ ಸೈಟುಗಳು ಒಂದರಿಂದ ಒಂದು ಗೋರುವುದರಿಂದ, ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಸುತ್ತಲಿನಿಂದ ವಾಪಸು ಬರುವ ಹಾಗೆ, ಆ ತಪ್ಪು ನಂಬರ್ ಈಗ ಕಂಡ ಕಂಡ ಸೈಟಿನಲ್ಲೂ ಇದೆ. ತೆಗೆಯಿರಿ ಎಂದರೆ ಓಟಿಪಿ ಬೇಕು. ಓಟಿಪಿ ಹೋಗುವುದು ಜೆಸಿಬಿಯವನ ಇಮೇಲಿಗೆ. ಜೆಸಿಬಿಯವನಿಗೆ ಇಮೇಲ್ ಇಲ್ಲ.

ಟೇಲರ್ ಮೊದಮೊದಲು ಬೈದ. ಬ್ಲೌಸಿನ ತೋಳು ಕತ್ತರಿಸುವಾಗ "ಹೊಂಡ ತೋಡೂದಕ್ಕ ತಾಸಿಗೆ ಎಷ್ಟ್ರೀ?" ಎಂದು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆಮೇಲೆ ಜೆಸಿಬಿಯವನನ್ನು ಹುಡುಕಿಕೊಂಡು ಹೋಗಿ ಮಾತಾಡಿ ಬಂದ. ಈಗ ಕರೆ ಬಂದರೆ ಹೊಲ ಯಾವ ಊರಿಂದು, ಕಲ್ಲು ಐತೋ ಎರಿ ಐತೋ, ಎಷ್ಟು ತಾಸಿನ ಕೆಲಸ ಎಂದು ಪೂರ್ತಿ ವಿಚಾರಿಸಿ, ಚೀಟಿಯಲ್ಲಿ ಬರೆದುಕೊಂಡು ಮುಂದೆ ದಾಟಿಸುತ್ತಾನೆ. ಕರೆಗೆ ಇನ್ನೂರು ರೂಪಾಯಿ ಕಮಿಷನ್. ಆ ಡೈರೆಕ್ಟರಿಯಿಂದ ಇಲ್ಲಿಯತನಕ ದುಡ್ಡು ಕಂಡವನು ಅವನೊಬ್ಬನೇ, ಅವನೂ ಮಲಗಿ ಗಳಿಸುತ್ತಿಲ್ಲ.