ಇದ್ದ ಮೂವರಲ್ಲಿ ಕೆಟ್ಟವರು ಯಾರು?

ಶುಕ್ರವಾರ ಸಂಜೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಸೀಟು ನಡುಗತೊಡಗಿತು. ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪಗಳು ಎರಡೆರಡಾಗಿ ಕಾಣುತ್ತಿದ್ದವು. ಮೊದಲು ನನಗೇ ಏನೋ ಆಗಿದೆ ಅಂದುಕೊಂಡೆ. ಹಸಿರು ಬಂತು, ಆಕ್ಸಿಲರೇಟರ್ ಒತ್ತಿದೆ, ಪಿಕಪ್ಪೇ ಇಲ್ಲ. ರಜೆ ಮುಗಿದು ಶಾಲೆಗೆ ಹೊರಟ ಹುಡುಗನ ಹಾಗೆ ಕಾರು ಕಾಲೆಳೆದುಕೊಂಡು ಹೊರಟಿತು. ಅಷ್ಟರಲ್ಲಿ ಮೀಟರಿನ ಪಕ್ಕ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕ್ ಮಿಣುಕ್ ಅನ್ನತೊಡಗಿತು.

ಆ ದೀಪ ಸುಮ್ನೆ ಉರಿಯುತ್ತಿದ್ದರೆ ಬೇಗ ಒಮ್ಮೆ ತೋರಿಸು ಅಂತ ಅರ್ಥ. ಮಿಣುಕಿದರೆ ಮಾತ್ರ ತಡ ಮಾಡುವ ಹಾಗಿಲ್ಲ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಒಳಗೆ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಕಿಡಿ ಸಿಗದ ಪೆಟ್ರೋಲು ಹಾಗೇ ಹೊರಗೆ ಹೋಗಿ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೂ ಸುಟ್ಟುಹಾಕಬಹುದು. ಅಷ್ಟೆಲ್ಲ ಗೊತ್ತಿದ್ದವನು ನಾನು. ಹೇಗೋ ತೆವಳಿಸಿಕೊಂಡು ಮನೆ ಮುಟ್ಟಿಸಿದೆ.

"ರೀ, ಮೆಕ್ಯಾನಿಕ್ಕಿಗೆ ಫೋನ್ ಮಾಡಿ" ಅಂದಳು ಹೆಂಡತಿ.

"ಕಾಲು ಗಂಟೆ ಕೆಲಸ, ನಾನೇ ಮಾಡ್ತೀನಿ."

"ಬಚ್ಚಲ ನಲ್ಲಿಗೂ ಹೀಗೇ ಹೇಳಿದ್ರಿ" ಅಂದು ಒಳಗೆ ಹೋದಳು. ಆ ನಲ್ಲಿಯ ವಿಷಯ ಇಲ್ಲಿ ಬೇಡ.

ಸ್ಟೀರಿಂಗಿನ ಕೆಳಗೆ ಒಂದು ಸಾಕೆಟ್ ಇರುತ್ತದಲ್ಲ, ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ಪಿ0302 ಅಂತ ದೋಷದ ಕೋಡ್ ಬಂತು. ಇದನ್ನು ಓದುವುದು ಸುಲಭ. 030 ಅಂದರೆ ಮಿಸ್ಸಿಂಗ್, ಕೊನೆಯ ಅಂಕಿ ಸಿಲಿಂಡರಿನದು, ಅಂದರೆ ಪೆಟ್ರೋಲು ಉರಿಯುವ ಕೊಳವೆಯದು. ನನ್ನದು 3 ಸಿಲಿಂಡರಿನ ಪುಟ್ಟ ಕಾರು, ಅದರಲ್ಲಿ ನಡುವಿನದು ಮುಷ್ಕರ ಹೂಡಿದೆ. ನಾಲ್ಕರಲ್ಲಿ ಒಂದು ಕೈಕೊಟ್ಟರೆ ಉಳಿದವು ಹೇಗೋ ಸಂಭಾಳಿಸುತ್ತವೆ, ಮೂರರಲ್ಲಿ ಒಂದು ಹೋದರೆ ಹಿಟ್ಟಿನ ಗಿರಣಿ ಮೇಲೆ ಕೂತ ಹಾಗಿರುತ್ತದೆ.

ಅನುಮಾನ ಇಗ್ನಿಷನ್ ಕಾಯಿಲ್ ಮೇಲೆ ಹೋಯಿತು. ಸಿಲಿಂಡರಿನೊಳಗೆ ಕಿಡಿ ಹಾರಿಸುವ ಪ್ರತಿ ಸ್ಪಾರ್ಕ್ ಪ್ಲಗ್ಗಿನ ತಲೆ ಮೇಲೆ ಒಂದೊಂದು ಕೂತಿರುತ್ತದೆ, ನೋಡಲು ಗಿಡ್ಡ ಟಾರ್ಚಿನ ಹಾಗೆ. ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುವುದು ಇದರ ಕೆಲಸ. ಗಾಡಿ ಸುಮ್ಮನೆ ನಿಂತು ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೂ ಅಷ್ಟರಲ್ಲಿ ಒಂದೊಂದು ಕಾಯಿಲ್ 400 ಸಲ ಕಿಡಿ ಹಾರಿಸಬೇಕು, ಅದೂ ಬಿಸಿ ಎಂಜಿನ್ನಿನ ನೆತ್ತಿ ಮೇಲೆ ಕೂತು. ಇಷ್ಟು ವರ್ಷ ಬಾಳಿದ್ದೇ ಜಾಸ್ತಿ ಅಲ್ವಾ? ನಮ್ಮಪ್ಪನ ಕಾರಿನಲ್ಲಿ ಇಡೀ ಎಂಜಿನ್ನಿಗೆ ಒಂದೇ ಕಾಯಿಲ್ ಇತ್ತು. ಅದು ಕೆಟ್ಟರೆ ಗಾಡಿ ನಿಂತೇ ಹೋಗುತ್ತಿತ್ತು. ಯಾವ ಕಾಯಿಲ್ ಕೆಟ್ಟಿದೆ ಅಂತ ತಲೆ ಕೆರೆದುಕೊಳ್ಳುವ ಭಾಗ್ಯ ಅವರಿಗೆ ಇರಲಿಲ್ಲ.

ಕಾಯಿಲ್ಲೇ ಅಪರಾಧಿ ಎಂದು ತಿಳಿಯಲು ಒಂದು ಉಪಾಯವಿದೆ. 2ನೆಯದನ್ನು 3ನೆಯದರ ಜಾಗಕ್ಕೆ ಹಾಕಿ, 3ನೆಯದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡುವುದು. ಮಿಸ್ಸಿಂಗ್ ಕಾಯಿಲ್ ಹಿಂದೆಯೇ ಹೋದರೆ ಕಾಯಿಲ್ ತಪ್ಪು, ಇದ್ದಲ್ಲೇ ಉಳಿದರೆ ಬೇರೇನೋ. ಶನಿವಾರ ಹಾಗೇ ಮಾಡಿದೆ. ಪಿ0303 ಬಂತು! ಯಾರಾದರೂ ನೋಡಲಿ ಅಂತ ಆಚೆ ಈಚೆ ನೋಡಿದೆ, ಯಾರೂ ಇರಲಿಲ್ಲ. ಒಂದು ಹೊಸ ಕಾಯಿಲ್ ತಂದಿಟ್ಟೆ.

ಭಾನುವಾರ ಬೆಳಿಗ್ಗೆ ಆ 3ನೆಯದನ್ನು ಕಿತ್ತು ಹೊಸದನ್ನು ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹೇಗೂ ಬಾನೆಟ್ ಎತ್ತಿದ್ದೇನೆ, ಮೂರನ್ನೂ ಬಿಚ್ಚಿ ಪ್ಲಗ್ಗುಗಳನ್ನೂ ನೋಡಿಬಿಡೋಣ ಅನ್ನಿಸಿತು. ಎಂಜಿನ್ ತಣ್ಣಗಿತ್ತು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟೆ. ಕಾಯಿಲನ್ನು ಮೊದಲು ಕೊಂಚ ತಿರುಗಿಸಿ ಆಮೇಲೆ ಎಳೆಯಬೇಕು. ನಾನು ಮೊದಲು ಎಳೆದೆ. ಕಾಯಿಲ್ ಕೈಗೆ ಬಂತು, ಅದರ ತುದಿಗೆ ತೊಡಿಸಿದ್ದ ರಬ್ಬರ್ ಬೂಟು ಪ್ಲಗ್ಗಿನ ಗುಂಡಿಯಲ್ಲೇ ಉಳಿಯಿತು. ಅದನ್ನು ನೋಸ್ ಪ್ಲೈಯರಿನಲ್ಲಿ ಈಚೆ ತೆಗೆಯಲು ಅರ್ಧ ಗಂಟೆ.

ಆಮೇಲೆ ಬೋಲ್ಟು. ಕಾಯಿಲಿಗೆ ತಲಾ ಒಂದು, 10 ಎಂಎಂ ತಲೆಯದು. ಬೆರಳ ತುದಿಯಿಂದ ಒಂದು ಜಾರಿತು. ಟಿಣ್ ಅಂತು, ಸ್ವಲ್ಪ ಕೆಳಗೆ ಟಕ್ ಅಂತು, ಆಮೇಲೆ ಸದ್ದಿಲ್ಲ. ನೆಲದ ಮೇಲೆ ಮಲಗಿ ನೋಡಿದೆ, ಬಿದ್ದಿಲ್ಲ. ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟೆ. ಅದು ಬೋಲ್ಟನ್ನು ಬಿಟ್ಟು ಸಿಕ್ಕ ಸಿಕ್ಕ ಕಬ್ಬಿಣಕ್ಕೆಲ್ಲ ಅಂಟಿಕೊಂಡಿತು. ಕೊನೆಗೆ ಎಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಣಗಿದ ಎಲೆ, ಒಂದು ಪೆನ್ನಿನ ಕ್ಯಾಪು, ಇವುಗಳ ನಡುವೆ ಸಿಕ್ಕಿತು. ಪೆನ್ನಿನ ಕ್ಯಾಪು ಅಲ್ಲಿಗೆ ಹೇಗೆ ಹೋಯಿತೋ!

ಮೈ ಒರೆಸಿಕೊಂಡು ಎದ್ದು ನೋಡಿದರೆ ಮಗ ನಿಂತಿದ್ದಾನೆ. ಮೂರು ಕಾಯಿಲ್ಲುಗಳನ್ನು ಹಳೆ ಪೇಪರಿನ ಮೇಲೆ 1, 2, 3 ಎಂದು ಬರೆದು ಅದರದರ ಜಾಗದಲ್ಲಿ ಇಟ್ಟಿದ್ದೆ. ಈಗ ಪೇಪರ್ ಇಲ್ಲ. ಮೂರೂ ಫಳಫಳ ಹೊಳೆಯುತ್ತಾ ಒಂದು ಶುಭ್ರ ಬಟ್ಟೆಯ ಮೇಲೆ ಸಾಲಾಗಿ ಮಲಗಿವೆ.

"ಅಪ್ಪಾ, ಎಲ್ಲಾ ಒರೆಸಿ ಜೋಡಿಸಿದೀನಿ!"

ಏನು ಹೇಳಲಿ? ಜಾಣ ಅಂದೆ.

ಇದ್ದ ಮೂವರಲ್ಲಿ ಕದ್ದವರು ಯಾರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಮಲ್ಟಿಮೀಟರ್ ಹಿಡಿದೆ. ಈ ಕಾಯಿಲ್ಲುಗಳ ಒಳಗೆ ಎಲೆಕ್ಟ್ರಾನಿಕ್ಸೂ ಸೇರಿಕೊಂಡಿರುತ್ತದೆ, ಓಮ್ ಲೆಕ್ಕದಲ್ಲಿ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಸರಿ, ಹೊಸದನ್ನು 1ಕ್ಕೆ ಹಾಕಿದೆ, ಹಳೆಯವುಗಳಲ್ಲಿ ಯಾವುದೋ ಎರಡನ್ನು 2 ಮತ್ತು 3ಕ್ಕೆ. ಸ್ಟಾರ್ಟ್ ಮಾಡಿದರೆ ಅದೇ ನಡುಕ. ಕೋಡ್ ಪಿ0301. ಅಂದರೆ ಹೊಸದೇ ಕೆಟ್ಟದ್ದು! ಜೊತೆಗೆ ಪಿ0351 ಅಂತ ಇನ್ನೇನೋ ತೋರಿಸುತ್ತಿತ್ತು. ನನಗೆ 030 ಮಾತ್ರ ಓದಲು ಬರುತ್ತಿದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ನಿಮಿಷ ಕೂತು ಯೋಚಿಸಬೇಕಿತ್ತು. 2 ಮತ್ತು 3 ಸರಿಯಾಗಿ ಓಡುತ್ತಿವೆ ಅಂದಮೇಲೆ ಹೊರಗೆ ಉಳಿದ ಹಳೆಯದೇ ಕಳ್ಳ, ಇದಕ್ಕೆ ದೊಡ್ಡ ಬುದ್ಧಿ ಬೇಕಿಲ್ಲ. ನಾನು ಸಿಟ್ಟಿನಲ್ಲಿ ಹಳೆಯವು ಮೂರನ್ನೂ ಒಂದೇ ಡಬ್ಬಿಗೆ ಎಸೆದು ಅಂಗಡಿಗೆ ಹೋಗಿ ಇನ್ನೆರಡು ಹೊಸದು ತಂದೆ. ಮೊದಲಿನದು ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಸಣ್ಣ ಜಗಳವನ್ನೂ ಆಡಿದೆ. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಜಗಳವಾಡಿದ ಕಾಯಿಲನ್ನು 2ಕ್ಕೆ ಹಾಕಿದೆ, ಮೂರೂ ಹೊಸವು. ಮತ್ತೆ ನಡುಕ, ಮತ್ತೆ ಪಿ0301, ಪಕ್ಕದಲ್ಲಿ ಅದೇ ಪಿ0351. ಕಾಯಿಲ್ ಬದಲಾದರೂ ಕೋಡ್ ಇದ್ದಲ್ಲೇ ಇದೆ. ಶನಿವಾರದ ಪಾಠ ಆಗ ತಲೆಗೆ ಹತ್ತಿತು. ಪಿ0351 ಏನೆಂದು ಹುಡುಕಿದೆ: ಮೊದಲ ಕಾಯಿಲಿನ ಸರ್ಕ್ಯೂಟಿನಲ್ಲೇ ದೋಷ. ಪಾಪದ ಕಾರು ಬೆಳಗಿನಿಂದ ಅದನ್ನೇ ಹೇಳುತ್ತಿತ್ತು.

ಗಾಡಿ ಆಫ್ ಮಾಡಿ ಬಗ್ಗಿ ನೋಡಿದೆ. 1ನೆಯದಕ್ಕೆ ತಂತಿ ಸಿಕ್ಕಿಸುವ ಕನೆಕ್ಟರ್ ನೋಡಲು ಒಳಗೆ ಕೂತ ಹಾಗಿದೆ, ಆದರೆ ಕೊಕ್ಕೆಗೂ ಅದರ ಜಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ಹೆಬ್ಬೆರಳಿನಲ್ಲಿ ಒತ್ತಿದೆ.

ಟಕ್.

ಸ್ಟಾರ್ಟ್ ಮಾಡಿದರೆ ಸೀಟು ಅಲ್ಲಾಡಲಿಲ್ಲ, ಕನ್ನಡಿಯಲ್ಲಿ ಗೋಡೆ ಒಂದೇ ಕಾಣಿಸಿತು. ಡ್ಯಾಶ್‌ಬೋರ್ಡಿನ ಗಡಿಯಾರ ಮಾತ್ರ ಬ್ಯಾಟರಿ ಕಳಚಿದ್ದರಿಂದ ಮಧ್ಯರಾತ್ರಿ ಅಂತ ತೋರಿಸುತ್ತಿತ್ತು. ನಿಜ ಹೇಳಬೇಕೆಂದರೆ ಸಮಯ ಅದರಿಂದ ಬಹಳ ದೂರವೇನೂ ಇರಲಿಲ್ಲ.

"ಆಯ್ತಾ ಕಾಲು ಗಂಟೆ?" ಅಂತ ಒಳಗಿನಿಂದ ದನಿ ಬಂತು.

ಹಳೆಯ ಮೂರೂ ಡಬ್ಬಿಯಲ್ಲಿ ಭದ್ರವಾಗಿವೆ. ಎರಡು ಚೆನ್ನಾಗಿವೆಯಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಮತ್ತೆ ಹಾಕಿ ಪರೀಕ್ಷೆ ಮಾಡಿ ನೋಡೋಣವೆಂದರೆ ಬಾನೆಟ್ ಮುಟ್ಟಬಾರದೆಂದು ಮನೆಯಲ್ಲಿ ಆಜ್ಞೆಯಾಗಿದೆ. ಅದಕ್ಕೇ ಸದ್ಯಕ್ಕೆ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: "ಒಳ್ಳೆಯವು 2, ಕೆಟ್ಟದ್ದು 1."