ಸಲಾಡ್ ಪುಸ್ತಕ ಕೊಳ್ಳುವ ಮುಂಚೆ ಉಪ್ಪು ಯಾವಾಗ ಬೀಳುತ್ತೆ ನೋಡಿ

ಸಲಾಡ್‌ಗೆಂದೇ ಬರೆದ ಅಡುಗೆ ಪುಸ್ತಕಗಳು ಸಾಮಾನ್ಯವಾಗಿ ದುಬಾರಿ. ದಪ್ಪ ಹಾಳೆ, ಪುಟಕ್ಕೊಂದು ಬಣ್ಣದ ಫೋಟೊ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ನಿಂತು ಹಾಳೆ ತಿರುವಲು ಯಾರೂ ಬೇಡ ಅನ್ನುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಹದಿನೈದು ನಿಮಿಷ ನಿಂತೇ ಪರೀಕ್ಷೆ ಮಾಡಿ.

ಮೊದಲು ಸೌತೆಕಾಯಿ ಇರುವ ಒಂದು ರೆಸಿಪಿ ತೆಗೆಯಿರಿ. ಉಪ್ಪು ಯಾವ ಹಂತದಲ್ಲಿ ಬೀಳುತ್ತೆ, ಅದನ್ನು ಲೇಖಕರು ಬಿಡಿಸಿ ಹೇಳಿದ್ದಾರಾ ನೋಡಿ. ಸೌತೆಕಾಯಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 95 ಪಾಲು ನೀರೇ. ಉಪ್ಪು ತಾಗಿದ ಕೂಡಲೇ ಆ ನೀರು ಹೊರಗೆ ಬರಲು ಶುರು. ಕೋಸಂಬರಿ ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಅರ್ಧ ಕಪ್ ಹೆಸರುಬೇಳೆ ಒಂದು ಗಂಟೆ ನೆನೆಸಿ, ಪೂರ್ತಿ ಬಸಿದು, ಸೌತೆಕಾಯಿ, ತೆಂಗಿನತುರಿ, ಒಗ್ಗರಣೆ ಎಲ್ಲ ಸೇರಿಸಿಟ್ಟುಕೊಂಡರೂ ಉಪ್ಪು, ನಿಂಬೆರಸ ಮಾತ್ರ ಎಲೆಗೆ ಬಡಿಸುವ ಹೊತ್ತಿಗೆ. ರಾಮನವಮಿಯ ದಿನ ಬೆಳಿಗ್ಗೆಯೇ ಉಪ್ಪು ಹಾಕಿಟ್ಟರೆ ಪಾನಕದ ಪಕ್ಕ ಇನ್ನೊಂದು ಪಾನಕ ಆಗುತ್ತೆ.

ಇನ್ನೊಂದು ದಾರಿಯೂ ಇದೆ. ಕಾಲು ಕೆಜಿ ಸೌತೆಗೆ ಅರ್ಧ ಟೀ ಚಮಚ ಉಪ್ಪು ಮೊದಲೇ ಸವರಿ, 15–20 ನಿಮಿಷ ಜಾಲರಿಯಲ್ಲಿಟ್ಟು, ಹಿಂಡಿ, ಆಮೇಲೆ ಮೊಸರೋ ಡ್ರೆಸ್ಸಿಂಗೋ (ಎಣ್ಣೆ, ಹುಳಿ, ಉಪ್ಪು ಕಲಸಿದ ಮಿಶ್ರಣ) ಬೆರೆಸುವುದು. ಆಗ ಡ್ರೆಸ್ಸಿಂಗ್‌ನಲ್ಲಿ ಉಪ್ಪು ಕಡಿಮೆ ಮಾಡಬೇಕು. ಎರಡು ದಾರಿಯೂ ಸರಿ. ಯಾವುದನ್ನೂ ಹೇಳದೆ ‘ಎಲ್ಲವನ್ನೂ ಬೆರೆಸಿ ಫ್ರಿಜ್‌ನಲ್ಲಿಡಿ’ ಅಂತ ಬರೆದಿದ್ದರೆ ಆ ರೆಸಿಪಿಯನ್ನು ಮಾಡಿ ನೋಡಿಲ್ಲ ಅಂತಲೇ ನನ್ನ ಅನುಮಾನ. ಪುಸ್ತಕ ಅಲ್ಲೇ ಇಡಬಹುದು.

ಎರಡನೆಯದು ಸೊಪ್ಪಿನ ಸಲಾಡ್. ಲೆಟ್ಯೂಸ್ ತೊಳೆದ ಮೇಲೆ ಒರೆಸಿ ಒಣಗಿಸಬೇಕು ಅನ್ನುವ ಮಾತು ಅಲ್ಲಿರಲೇಬೇಕು. ಎಲೆ ಮೇಲೆ ನೀರಿದ್ದರೆ ಎಣ್ಣೆ ಅಂಟುವುದಿಲ್ಲ, ಜಾರಿ ಬಟ್ಟಲಿನ ತಳ ಸೇರುತ್ತೆ. ತಿನ್ನುವವರಿಗೆ ಮೇಲೆ ಸಪ್ಪೆ, ಕೆಳಗೆ ಹುಳಿ. 100 ಗ್ರಾಂ ಎಲೆಗೆ ಒಂದೂವರೆಯಿಂದ ಎರಡು ಟೇಬಲ್ ಚಮಚ ಡ್ರೆಸ್ಸಿಂಗ್ ಸಾಕು. ಅರ್ಧ ಕಪ್ ಸುರಿಯಿರಿ ಅನ್ನುವ ಪುಸ್ತಕ ಫೋಟೊಗೆ ಬರೆದದ್ದು.

ಡ್ರೆಸ್ಸಿಂಗ್‌ನ ಅಧ್ಯಾಯವನ್ನು ಇನ್ನೂ ನಿಧಾನವಾಗಿ ಓದಿ. ಪುಸ್ತಕದ ಜೀವ ಇರುವುದು ಇಲ್ಲೇ. ಫ್ರೆಂಚ್ ಪದ್ಧತಿಯ ಹಳೇ ಲೆಕ್ಕ ಮೂರು ಪಾಲು ಎಣ್ಣೆಗೆ ಒಂದು ಪಾಲು ವಿನೆಗರ್. ಹುಳಿ ಇಷ್ಟಪಡುವ ನಮ್ಮ ನಾಲಿಗೆಗೆ ಎರಡಕ್ಕೆ ಒಂದು ಹಿಡಿಸುತ್ತೆ. ಅನುಪಾತ ಕೊಟ್ಟು ಅದನ್ನು ಹೇಗೆ ಬದಲಿಸಬೇಕು ಅಂತ ಹೇಳುವ ಪುಸ್ತಕ ಹತ್ತು ವರ್ಷ ಬಾಳುತ್ತೆ. ಮೂವತ್ತು ಡ್ರೆಸ್ಸಿಂಗ್‌ಗಳ ಪಟ್ಟಿ ಕೊಟ್ಟು, ಸಾಸಿವೆ ಪೇಸ್ಟ್ ಯಾಕೆ ಹಾಕುತ್ತಾರೆ ಅಂತ ಒಂದು ಸಾಲೂ ಬರೆಯದ ಪುಸ್ತಕ ಬೇಗ ಮೂಲೆ ಸೇರುತ್ತೆ. ಸಾಸಿವೆ ಪೇಸ್ಟ್ ರುಚಿಗಷ್ಟೇ ಅಲ್ಲ, ಎಣ್ಣೆ ಮತ್ತು ಹುಳಿ ಬೇಗ ಬೇರೆಯಾಗದಂತೆ ಹಿಡಿದಿಡುತ್ತೆ. ಆಲಿವ್ ಎಣ್ಣೆಯ ಬದಲಿಗೆ ಗಾಣದ ಕಡಲೆಕಾಯಿ ಎಣ್ಣೆ ಚೆನ್ನಾಗಿ ನಡೆಯುತ್ತೆ, ಘಮ ಜೋರು ಅಷ್ಟೆ. ಕೊಬ್ಬರಿ ಎಣ್ಣೆ ಮಾತ್ರ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ, ಫ್ರಿಜ್‌ನಿಂದ ತೆಗೆದ ತರಕಾರಿ ಮೇಲೆ ಬಿಳಿ ಕಣಗಳಾಗಿ ಕೂರುತ್ತೆ.

ಅಳತೆಯಲ್ಲಿ ಮೋಸ ಹೋಗುವವರು ಬಹಳ. ಪುಸ್ತಕ ಯಾವ ದೇಶದ್ದು ಅಂತ ಮೊದಲ ಪುಟಗಳಲ್ಲಿ ನೋಡಿ. ಅಮೆರಿಕದ ಕಪ್ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದ್ದು 250. ಟೇಬಲ್ ಚಮಚ ಅಮೆರಿಕದಲ್ಲಿ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಉಪ್ಪಿನದು ಇನ್ನೂ ದೊಡ್ಡ ತೊಂದರೆ. ಅಮೆರಿಕದ ಪುಸ್ತಕಗಳಲ್ಲಿ ಬರುವ ಕೋಶರ್ ಉಪ್ಪು ಹರಳು ಹರಳು; ಒಂದು ಟೀ ಚಮಚ ತೂಗಿದರೆ ಬ್ರ್ಯಾಂಡ್ ಮೇಲೆ 3ರಿಂದ 5 ಗ್ರಾಂ. ನಮ್ಮ ಪುಡಿ ಉಪ್ಪು ಸುಮಾರು 6 ಗ್ರಾಂ. ಹೇಳಿದಷ್ಟೇ ಚಮಚ ಹಾಕಿದರೆ ಬಾಯಿಗಿಡಲಾಗದಷ್ಟು ಉಪ್ಪಾಗಬಹುದು. ಗ್ರಾಂ ಲೆಕ್ಕದಲ್ಲಿ ಬರೆದ ಪುಸ್ತಕ ಸಿಕ್ಕರೆ ಇನ್ನೂರು ರೂಪಾಯಿ ಜಾಸ್ತಿಯಾದರೂ ಅದೇ ತಗೊಳ್ಳಿ.

‘ಒಂದು ಡಬ್ಬಿ ಕಡಲೆ’ ಅಂತ ಬರೆದಿದ್ದರೆ ಹೆದರಬೇಡಿ. 400 ಗ್ರಾಂ ಡಬ್ಬಿಯಲ್ಲಿ ನೀರು ಬಸಿದರೆ ಉಳಿಯುವುದು ಸುಮಾರು 240 ಗ್ರಾಂ. 100 ಗ್ರಾಂನಷ್ಟು ಒಣ ಕಾಬೂಲ್ ಕಡಲೆಯನ್ನು ರಾತ್ರಿ ನೆನೆಸಿ ಕುಕ್ಕರ್‌ನಲ್ಲಿ ಬೇಯಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತೆ. ಕಾಳು, ಆಲೂಗಡ್ಡೆ ಬಿಸಿ ಇರುವಾಗಲೇ ಡ್ರೆಸ್ಸಿಂಗ್ ಬೆರೆಸಿ, ಎಲೆಗಳನ್ನು ಆರಿದ ಮೇಲೆ ಸೇರಿಸಿ ಅಂತ ಹೇಳಿದ್ದರೆ ಖುಷಿಪಡಿ, ಬರೆದವರಿಗೆ ಕೈ ಪಳಗಿದೆ. ಬಿಸಿ ಕಾಳು ಹುಳಿ-ಉಪ್ಪನ್ನು ಒಳಗೆಳೆದುಕೊಳ್ಳುತ್ತೆ. ತಣ್ಣಗಾದದ್ದಕ್ಕೆ ಅದು ಮೇಲೆ ಮೇಲೆ ಮಾತ್ರ ಹತ್ತುತ್ತೆ.

ಸಾಮಾನಿನ ಲೆಕ್ಕಕ್ಕೆ ಸುಲಭದ ಉಪಾಯ: ಕಣ್ಣುಮುಚ್ಚಿ ಹತ್ತು ಪುಟ ತೆಗೆಯಿರಿ. ಮನೆ ಹತ್ತಿರದ ಹಾಪ್‌ಕಾಮ್ಸ್ ಮತ್ತು ದಿನಸಿ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದ ಎಷ್ಟು ಮಾಡಬಹುದು ಎಣಿಸಿ. ಒಂದು ಸಾಮಾನು ಬದಲಿಸಿದರೆ ನಡೆಯುವುದನ್ನೂ ಸೇರಿಸಿ. ಆರಕ್ಕಿಂತ ಕಡಿಮೆ ಬಂದರೆ ನೀವು ಕೊಳ್ಳುತ್ತಿರುವುದು ಫೋಟೊ ಆಲ್ಬಮ್.

ಆರೋಗ್ಯದ ವಿಷಯಕ್ಕೆ ಬಂದರೆ ನಾನು ರಾಜಿಯಾಗುವುದಿಲ್ಲ. ಮೊಳಕೆ ಬಂದ ರಾಜ್ಮಾವನ್ನು ಹಸಿಯಾಗಿ ಹಾಕಿ ಅಂತ ಬರೆದಿದ್ದರೆ ಆ ಪುಸ್ತಕ ಬಿಟ್ಟಿ ಕೊಟ್ಟರೂ ಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಅನ್ನುವ ಪ್ರೋಟೀನ್ ವಾಂತಿ-ಭೇದಿ ತರುತ್ತೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗೆ ಬೇಯಿಸಬೇಕು. ಬರೀ ಸಣ್ಣ ಉರಿಯಲ್ಲಿಟ್ಟರೆ ಸಾಲದು. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಹೊರಗಿಟ್ಟು ವಾರಗಟ್ಟಲೆ ಬಳಸಿ ಅನ್ನುವುದೂ ಅಷ್ಟೇ ಅಪಾಯ, ಬಾಟುಲಿಸಂ ಅನ್ನುವ, ಜೀವಕ್ಕೇ ಕುತ್ತು ತರುವ ಆಹಾರ ವಿಷಬಾಧೆ ಬರಬಹುದು. ಅದು ಫ್ರಿಜ್‌ನಲ್ಲಿರಬೇಕು, ಎರಡು-ಮೂರು ದಿನದಲ್ಲಿ ಮುಗಿಯಬೇಕು.

ಪುಸ್ತಕ ಅಡುಗೆ ಕಟ್ಟೆ ಮೇಲೆ ತಾನಾಗಿ ಮುಚ್ಚಿಕೊಳ್ಳದೆ ತೆರೆದು ಕೂರುವಂಥ ಬೈಂಡಿಂಗ್ ಇದೆಯಾ ನೋಡಿ. ಕೊನೆಯ ಸೂಚಿ ತರಕಾರಿ ಹೆಸರಿನಲ್ಲಿರಬೇಕು. ಫ್ರಿಜ್‌ನಲ್ಲಿ ಅರ್ಧ ಮೂಲಂಗಿ ಉಳಿದಾಗ ಹುಡುಕುವುದು ಮೂಲಂಗಿಯನ್ನೇ ಹೊರತು ಲೇಖಕರಿಟ್ಟ ಮುದ್ದು ಹೆಸರನ್ನಲ್ಲ.

ಭಾರತೀಯ ಸಲಾಡ್ ಅಂತ ಮುಖಪುಟದಲ್ಲಿದ್ದರೆ ನಾನು ಇನ್ನೊಂದು ಹುಡುಕುತ್ತೇನೆ. ಬೆಂಗಳೂರಿನ ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಸೌತೆ ಕೊಡುತ್ತಾರಲ್ಲ, ಅದರ ಪಚಡಿ ಇದೆಯಾ ಅಂತ. ಎರಡು ಹಿಡಿ ಎಳೆ ಮೆಂತ್ಯ ಸೊಪ್ಪು, ಒಂದು ಸಣ್ಣ ಈರುಳ್ಳಿ, ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿ, ಒಂದು ಚಮಚ ಎಣ್ಣೆ, ಉಪ್ಪು, ನಿಂಬೆ. ಇಲ್ಲಿ ಪುಡಿಯೇ ಡ್ರೆಸ್ಸಿಂಗ್: ಸೊಪ್ಪು ಬಿಟ್ಟ ನೀರನ್ನು ಶೇಂಗಾ ಹೀರಿಕೊಂಡು ಎಲೆಗೆ ಅಂಟುತ್ತೆ, ಅದರ ಎಣ್ಣೆಯಂಶ ಮೆಂತ್ಯದ ಕಹಿಯನ್ನು ತಗ್ಗಿಸುತ್ತೆ. ಇಷ್ಟನ್ನು ಒಂದು ಪುಟದಲ್ಲಿ ಬಿಡಿಸಿ ಹೇಳಿದ ಪುಸ್ತಕ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಕಾಮೆಂಟ್‌ನಲ್ಲಿ ಹೆಸರು ಬರೆಯಿರಿ, ನಾನು ಇವತ್ತೇ ತರಿಸುತ್ತೇನೆ.