ದಡಕ್ಕೆ ಇಸ್ತ್ರಿ

ಮೊಳದುದ್ದದ ಲೆನ್ಸ್ ಹಿಡಿದು ಕೂತಿದ್ದವರು ನನ್ನ ಕಡೆ ತಿರುಗಿ “ಶ್!” ಅಂದರು. ನಾನು ಬಾಯಿ ಬಿಟ್ಟಿರಲಿಲ್ಲ. ಸೀನು ಬರುವ ಹಾಗಿತ್ತು, ಅಷ್ಟೆ. ಪೇಟೆ ನಡುವಿನ ನದಿ. ಬೆನ್ನ ಹಿಂದೆ ಲಾರಿಗಳ ಹಾರ್ನ್‌ಗೆ ಜಗ್ಗದ ಮಿಂಚುಳ್ಳಿ ನನ್ನ ಸೀನಿಗೆ ಹೆದರುತ್ತದೆಂದು ಅವರ ಲೆಕ್ಕ. ನುಂಗಿಕೊಂಡೆ.

ಹಕ್ಕಿ ಧುಮುಕಿ ಮೀನು ತಂದಿತು. ಕೊಂಬೆಗೆ ಪಟಪಟ ಬಡಿದು ತಲೆ ಕಡೆಯಿಂದ ಗುಳುಂ ಮಾಡಿತು. “ಎಷ್ಟು ಕ್ಲೀನ್ ಹಕ್ಕಿ ನೋಡಿ ಸಾರ್!” ಅಂದರು ಅವರು. ನನಗೆ ರೇಗಿತು.

ಕ್ಲೀನಂತೆ! ಇವರು ಅದರ ಮನೆ ನೋಡಬೇಕು. ಕಡಿದಾದ ಮಣ್ಣಿನ ದಡವನ್ನು ಗಂಡುಹೆಣ್ಣು ಎರಡೂ ಕೊಕ್ಕಿನಿಂದ ಕುಕ್ಕಿ, ಕಾಲಿನಿಂದ ಮಣ್ಣು ಹಿಂದಕ್ಕೊದ್ದು ತೋಳುದ್ದದ ಸುರಂಗ ತೋಡುತ್ತವೆ. ತುದಿಯಲ್ಲೊಂದು ಕೋಣೆ. ಹುಲ್ಲಿಲ್ಲ, ನಾರಿಲ್ಲ, ಹಾಸಿಗೆಯೆಂದರೆ ತಾವೇ ಕಕ್ಕಿದ ಮೀನಿನ ಮುಳ್ಳು, ಹುರುಪೆ. ಅದರ ಮೇಲೆ 6–7 ಮರಿ. ಮೀನು ಸಿಕ್ಕ ಮರಿ ಹಿಂದೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ. ಈ ಶಿಸ್ತನ್ನು ನಾನು ಯಾವ ಕ್ಯೂನಲ್ಲೂ ಕಂಡಿಲ್ಲ. ಆದರೆ ಶಿಸ್ತು ಅಲ್ಲಿಗೇ ಮುಗಿಯಿತು. ಮರಿಗಳ ಹಿಕ್ಕೆಯೆಲ್ಲ ಇಳಿಜಾರಿನಲ್ಲಿ ಹರಿದು ಬಿಲದ ಬಾಯಲ್ಲಿ ಬಿಳಿ ಗೆರೆಯಾಗಿ ಸೋರುತ್ತದೆ. ಗೂಡು ಹುಡುಕುವವರಿಗೆ ಅದೇ ಗುರುತು, ಜೊತೆಗೆ ನಾತ. ಮರಿಗೆ ಉಣಿಸಿ ಹೊರಬಿದ್ದ ತಾಯಿ ಸೀದಾ ನೀರಿಗೆ ಬಿದ್ದು ಮೈ ತೊಳೆದುಕೊಳ್ಳುತ್ತದೆ. ಇವರು ಫೋಟೊ ತೆಗೆಯುವುದು ಆ ಸ್ನಾನ ಆದ ಮೇಲೆ.

ಈಗ ಆಚೆ ದಡ ನೋಡಿ. ಅಲ್ಲಿ ಸೌಂದರ್ಯೀಕರಣ ಆಗಿದೆ. ಮಣ್ಣಿಗೆ ಸಿಮೆಂಟು ಬಳಿದು, ಜೊಂಡು ಕಿತ್ತು ಹುಲ್ಲುಹಾಸು ಹೊದಿಸಿ, ಒಣಮರ ಕಡಿದು ದೀಪದ ಕಂಬ ನೆಟ್ಟು ದಡಕ್ಕೆ ಇಸ್ತ್ರಿ ಹಾಕಿಬಿಟ್ಟಿದ್ದಾರೆ. ಸಿಮೆಂಟಿಗೆ ಕುಕ್ಕಲು ಯಾವ ಕೊಕ್ಕು ಸಾಕು? ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುವುದು ನೀರೊಳಗೆ. ರೆಕ್ಕೆ ಬರುವ ಹೊತ್ತಿಗೆ ಜೊಂಡಿನ ಕಾಂಡ ಹತ್ತಿ ಬಂದು ಪೊರೆ ಕಳಚಬೇಕು. ಈಗ ಏನನ್ನು ಹತ್ತುತ್ತದೆ, ಹುಲ್ಲುಹಾಸನ್ನೇ? ಒಣಮರದ ಪೊಟರೆಯಲ್ಲಿದ್ದ ಬಾವಲಿಗಳ ವಿಷಯ ಕೇಳುವವರೇ ಇಲ್ಲ. ಕಾಮಗಾರಿಯ ಬೋರ್ಡಿನ ಮೇಲೆ ಮಾತ್ರ ಮಿಂಚುಳ್ಳಿಯ ಚಿತ್ರ, ಆಳೆತ್ತರಕ್ಕೆ.

ಆ ಕಂಬದಿಂದ ಲಾಭ ಆದದ್ದು ನೀರುಕಾಗೆಗೊಂದಕ್ಕೇ. ಅದರ ಹೊರಗರಿ ನೀರು ಹೀರುತ್ತದೆ. ಮುಳುಗಿ ಮೀನು ಹಿಡಿಯಲು ಅನುಕೂಲ. ಆಮೇಲೆ ರೆಕ್ಕೆ ಹರವಿ ಒಣಗಿಸುತ್ತ ಕಂಬದ ಮೇಲೆ ಕೂರುತ್ತದೆ. ಕೆಳಗೇ ಹೊಸ ಬೆಂಚು. ದಿನವೂ ಅದನ್ನು ತೊಳೆಯುವವನ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ. ಬೆಂಚು ಹಾಕಿಸಿದವರ ಬಗ್ಗೆ ಇಲ್ಲ.